ಅಪ್ಲಿಕೇಶನ್ ನಿಧಾನವಾಗಿದೆ, ಎಲ್ಲಿ ನೋಡಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡ ವ್ಯವಹಾರದ ಸಿಸ್ಟಮ್‌ಗಳನ್ನು ನೋಡಿಕೊಳ್ಳುವವರು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಬಹುದು. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ನಿಧಾನವಾದ ಅಪ್ಲಿಕೇಶನ್ ಬಹುಪಾಲು ಸಲ ಯಾವುದಕ್ಕೋ ಕಾಯುತ್ತಾ ಕೂತಿರುತ್ತದೆ. ಯಾವುದಕ್ಕೆ ಅನ್ನುವುದನ್ನು ಹುಡುಕುವುದೇ ನಮ್ಮ ಕೆಲಸ.

## ಶುರುವಿನ ಪ್ರಶ್ನೆಗಳು

"ಸಿಸ್ಟಮ್ ಸ್ಲೋ ಇದೆ" ಅಂತ ಫೋನ್ ಬಂತು. ಮೊದಲು ಏನು ಕೇಳಬೇಕು?

ಯಾವ ಪರದೆ, ಯಾವ ಬಟನ್, ಎಷ್ಟು ಗಂಟೆಗೆ. ಈ ಮೂರು ಸಿಗದೆ ಯಾವ ಡ್ಯಾಶ್‌ಬೋರ್ಡೂ ತೆರೆಯಬೇಡಿ. "ಬೆಳಿಗ್ಗೆಯಿಂದ ಹೀಗೇ" ಅನ್ನುವ ದೂರಿನಿಂದ ಏನೂ ಹುಡುಕಲಾಗದು. "10:42ಕ್ಕೆ ಇನ್‌ವಾಯ್ಸ್ ಸೇವ್ ಒತ್ತಿದೆ, ಚಕ್ರ ತಿರುಗುತ್ತಲೇ ಇತ್ತು" ಅಂದರೆ ಲಾಗ್‌ನಲ್ಲಿ (ಸಿಸ್ಟಮ್ ತಾನೇ ಬರೆದಿಡುವ ದಿನಚರಿಯಲ್ಲಿ) ಆ ಸಾಲು ಸಿಗುತ್ತದೆ.

ಆಮೇಲೆ ಯಾರಿಗೆಲ್ಲ ಹೀಗಾಗುತ್ತಿದೆ ಅಂತ ಕೇಳಿ. ಒಬ್ಬರಿಗೆ ಮಾತ್ರ ಅಂದರೆ ಅವರ ಲ್ಯಾಪ್‌ಟಾಪ್, ವಿಪಿಎನ್, ಇಲ್ಲವೇ ಅವರ ಖಾತೆಯಲ್ಲಿರುವ ಡೇಟಾ. ಕೊನೆಯದನ್ನು ಜನ ಮರೆಯುತ್ತಾರೆ. ಬೇರೆಯವರ ಪಟ್ಟಿಯಲ್ಲಿ 20 ಸಾಲು ಇದ್ದು, ಇವರದರಲ್ಲಿ 40,000 ಇರಬಹುದು. ಒಂದು ಕಚೇರಿಯವರಿಗೆ ಮಾತ್ರ ಅಂದರೆ ನೆಟ್‌ವರ್ಕ್, ಪ್ರಾಕ್ಸಿ (ನಡುವೆ ನಿಂತು ದಾಟಿಸುವ ಸರ್ವರ್) ಅಥವಾ ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆ). ಎಲ್ಲರಿಗೂ ಅಂದರೆ ಎಲ್ಲರೂ ಹಂಚಿಕೊಂಡಿರುವ ಯಾವುದೋ ಒಂದು ವಸ್ತು.

ಏನು ಬದಲಾಯಿತು ಅಂತಲೂ ಕೇಳಿ. "ಏನೂ ಬದಲಾಗಿಲ್ಲ" ಅನ್ನುವ ಉತ್ತರ ಬಂದೇ ಬರುತ್ತದೆ, ಅದನ್ನು ಪೂರ್ತಿ ನಂಬಬೇಡಿ. ಕೋಡ್ ಬದಲಾಗದಿದ್ದರೂ ಟೇಬಲ್ ಬೆಳೆದಿರುತ್ತದೆ, ತಿಂಗಳ ಕೊನೆ ಬಂದಿರುತ್ತದೆ, ರಾತ್ರಿಯ ಬ್ಯಾಚ್ ಜಾಬ್ ಬೆಳಗಿನವರೆಗೆ ಎಳೆದಿರುತ್ತದೆ.

ನಮ್ಮ ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು. ಆದ್ರೂ ಬಳಸುವವರು ನಿಧಾನ ಅಂತಾರೆ. ಯಾರ ಮಾತು ಸರಿ?

ಇಬ್ಬರದೂ ಸರಿ, ಆದರೆ ಇಬ್ಬರೂ ಅಳೆಯುತ್ತಿರುವುದು ಬೇರೆ ಬೇರೆ. ಸರ್ವರ್ ತನ್ನ ಗಡಿಯಾರವನ್ನು ರಿಕ್ವೆಸ್ಟ್ ಕೈಗೆ ಬಂದ ಮೇಲೆ ಒತ್ತುತ್ತದೆ. ಅದಕ್ಕೆ ಮುಂಚೆ ಡಿಎನ್‌ಎಸ್ ಆಗಿದೆ, ಟಿಎಲ್‌ಎಸ್ (ಸಂಪರ್ಕಕ್ಕೆ ಗೂಢಲಿಪಿ ಹಾಕುವ ಮಾತುಕತೆ) ಆಗಿದೆ, ಲೋಡ್ ಬ್ಯಾಲೆನ್ಸರ್ (ರಿಕ್ವೆಸ್ಟ್‌ಗಳನ್ನು ಸರ್ವರ್‌ಗಳಿಗೆ ಹಂಚುವುದು) ದಾಟಿದೆ, ಖಾಲಿ ಥ್ರೆಡ್‌ಗಾಗಿ (ಸರ್ವರ್ ಒಳಗೆ ಒಂದು ಸಲಕ್ಕೆ ಒಂದು ಕೆಲಸ ಮಾಡುವ ಎಳೆಗಾಗಿ) ಸಾಲಿನಲ್ಲಿ ನಿಂತದ್ದಾಗಿದೆ. ಉತ್ತರ ಹೊರಟ ಮೇಲೂ ಡೌನ್‌ಲೋಡ್ ಆಗಬೇಕು, ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಬೇಕು. ಬಳಸುವವರ ಗಡಿಯಾರದಲ್ಲಿ ಇದೆಲ್ಲ ಸೇರಿದೆ.

ಎರಡನೇ ಕಾರಣ, ಡ್ಯಾಶ್‌ಬೋರ್ಡ್ 5 ನಿಮಿಷದ ಸರಾಸರಿ ತೋರಿಸುತ್ತಿರಬಹುದು. 20 ಸೆಕೆಂಡಿನ ಒದ್ದಾಟ ಅದರಲ್ಲಿ ಮುಚ್ಚಿಹೋಗುತ್ತದೆ.

ಹೊರಗಿನಿಂದ ಅಳೆಯಲು ಎರಡು ದಾರಿಗಳಿವೆ. ಸಿಂಥೆಟಿಕ್ ಮಾನಿಟರಿಂಗ್‌ನಲ್ಲಿ ಒಂದು ಸ್ಕ್ರಿಪ್ಟ್ ನಿಮಿಷಕ್ಕೊಮ್ಮೆ ಲಾಗಿನ್ ಆಗಿ ನೋಡುತ್ತದೆ. ಯಾರೂ ಇಲ್ಲದ ರಾತ್ರಿಯಲ್ಲೂ ಸುದ್ದಿ ಕೊಡುತ್ತದೆ. ರಿಯಲ್ ಯೂಸರ್ ಮಾನಿಟರಿಂಗ್ ನಿಜವಾಗಿ ಬಳಸುವವರ ಬ್ರೌಸರ್‌ನಿಂದಲೇ ಅಂಕಿ ತರುತ್ತದೆ. ಒಂದನ್ನೇ ಆರಿಸಬೇಕು ಅಂದರೆ ನಾನು ಎರಡನೆಯದನ್ನು ಆರಿಸುತ್ತೇನೆ. ಸ್ಕ್ರಿಪ್ಟ್‌ಗೆ 40,000 ಸಾಲಿನ ಪಟ್ಟಿ ಯಾವತ್ತೂ ಇರುವುದಿಲ್ಲ.

ಎಷ್ಟು ಸೆಕೆಂಡ್ ಆದ್ರೆ ನಿಧಾನ ಅನ್ನಬಹುದು?

ಬಳಕೆಯ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 1993ರಲ್ಲಿ ಜನಪ್ರಿಯಗೊಳಿಸಿದ ಮಿತಿಗಳು ಇವತ್ತಿಗೂ ಉಪಯೋಗಕ್ಕೆ ಬರುತ್ತವೆ. 0.1 ಸೆಕೆಂಡ್ ಒಳಗಿದ್ದರೆ ತಕ್ಷಣ ಆಯಿತು ಅನ್ನಿಸುತ್ತದೆ. 1 ಸೆಕೆಂಡ್ ದಾಟಿದರೆ ಯೋಚನೆಯ ಸರಣಿ ಕಡಿಯುತ್ತದೆ. 10 ದಾಟಿದರೆ ಮನಸ್ಸು ಬೇರೆ ಕಡೆ ಹೋಗುತ್ತದೆ. ವೆಬ್ ಪುಟಗಳಿಗೆ ಗೂಗಲ್ ಇಟ್ಟಿರುವ ಅಳತೆಯಲ್ಲಿ ಮುಖ್ಯ ಭಾಗ 2.5 ಸೆಕೆಂಡ್ ಒಳಗೆ ಕಾಣಬೇಕು, ಕ್ಲಿಕ್‌ಗೆ ಪ್ರತಿಕ್ರಿಯೆ 200 ಮಿಲಿಸೆಕೆಂಡ್ ಒಳಗೆ ಬರಬೇಕು, ಅದೂ 75ನೇ ಪರ್ಸೆಂಟೈಲ್‌ನಲ್ಲಿ, ಅಂದರೆ ನೂರರಲ್ಲಿ 75 ಸಲವಾದರೂ.

ಆದರೆ ವ್ಯವಹಾರದ ಸಿಸ್ಟಮ್‌ಗೆ ಕೆಲಸ ನೋಡಿ ಮಿತಿ ಹಾಕಿ. ವರ್ಷದ ಲೆಕ್ಕದ ರಿಪೋರ್ಟ್‌ಗೆ 40 ಸೆಕೆಂಡ್ ಆದರೆ ಯಾರೂ ಬೈಯುವುದಿಲ್ಲ. ದಿನಕ್ಕೆ ನೂರಾರು ಸಲ ತೆರೆಯುವ ಪರದೆಗೆ 3 ಸೆಕೆಂಡ್ ಆದರೂ ಜಾಸ್ತಿಯೇ.

ಲಾಗ್, ಮೆಟ್ರಿಕ್, ಟ್ರೇಸ್, ಮೂರೂ ಬೇಕೇ ಬೇಕಾ?

ಮೆಟ್ರಿಕ್, ಅಂದರೆ ಕಾಲಕಾಲಕ್ಕೆ ಅಳೆದ ಅಂಕಿ, ಏನೋ ಆಗಿದೆ ಅನ್ನುತ್ತದೆ. ಟ್ರೇಸ್, ಅಂದರೆ ಒಂದು ರಿಕ್ವೆಸ್ಟ್ ನಡೆದ ದಾರಿಯ ದಾಖಲೆ, ಎಲ್ಲಿ ಆಗಿದೆ ಅನ್ನುತ್ತದೆ. ಲಾಗ್ ಅಲ್ಲಿ ಏನಾಯಿತು ಅನ್ನುತ್ತದೆ. ಒಂದೇ ಸರ್ವರ್, ಒಂದೇ ಡೇಟಾಬೇಸ್ ಇರುವ ಕಡೆ ಮೆಟ್ರಿಕ್ ಮತ್ತು ಲಾಗ್ ಸಾಕು. ರಿಕ್ವೆಸ್ಟ್ ನಾಲ್ಕೈದು ಸರ್ವಿಸ್ ದಾಟುವ ಕಡೆ ಟ್ರೇಸ್ ಇಲ್ಲದಿದ್ದರೆ ಕತ್ತಲಲ್ಲಿ ತಡಕಾಡಿದ ಹಾಗೆ. ಇನ್ನೂ ಏನೂ ಇಲ್ಲ ಅನ್ನುವವರು ಪ್ರತಿ ಲಾಗ್ ಸಾಲಿನಲ್ಲೂ ಒಂದು ರಿಕ್ವೆಸ್ಟ್ ಐಡಿ ಬರೆಯುವುದರಿಂದ ಶುರು ಮಾಡಲಿ. ಖರ್ಚು ಕಡಿಮೆ, ಫಲ ತಕ್ಷಣ.

ನೋಡೋದಕ್ಕೆ ಸಾವಿರ ಗ್ರಾಫ್ ಇವೆ. ನಾಲ್ಕೇ ನಾಲ್ಕು ಹೇಳಿ ಅಂದ್ರೆ?

ಗೂಗಲ್‌ನ ಎಸ್‌ಆರ್‌ಇ (ಸಿಸ್ಟಮ್‌ಗಳು ನಿಲ್ಲದಂತೆ ನೋಡಿಕೊಳ್ಳುವ) ತಂಡಗಳು ಹೇಳುವ ನಾಲ್ಕನ್ನೇ ನಾನೂ ಹೇಳುತ್ತೇನೆ: ಉತ್ತರಕ್ಕೆ ಹಿಡಿಯುವ ಸಮಯ, ಬರುವ ರಿಕ್ವೆಸ್ಟ್‌ಗಳ ಪ್ರಮಾಣ, ಎರರ್‌ಗಳು, ಮತ್ತು ಎಷ್ಟು ತುಂಬಿದೆ ಅನ್ನುವುದು. ಒಂದು ಎಚ್ಚರಿಕೆ. ಯಶಸ್ವಿಯಾದವುಗಳ ಸಮಯವನ್ನೂ ಎರರ್ ಬಂದವುಗಳ ಸಮಯವನ್ನೂ ಬೇರೆ ಬೇರೆ ಅಳೆಯಿರಿ. ಡೇಟಾಬೇಸ್ ಬಿದ್ದಾಗ ಎಲ್ಲ ರಿಕ್ವೆಸ್ಟ್‌ಗಳೂ 5 ಮಿಲಿಸೆಕೆಂಡಿನಲ್ಲಿ ಸೋತು ವಾಪಸ್ ಬರುತ್ತವೆ. ಒಟ್ಟಿಗೆ ಅಳೆದರೆ ಗ್ರಾಫ್‌ನಲ್ಲಿ ಸಿಸ್ಟಮ್ ಇದ್ದಕ್ಕಿದ್ದಂತೆ ವೇಗವಾದ ಹಾಗೆ ಕಾಣುತ್ತದೆ!

## ಅಂಕಿಗಳನ್ನು ಓದುವಾಗ

ಸರಾಸರಿ 300 ಮಿಲಿಸೆಕೆಂಡ್ ಇದೆ. ಚೆನ್ನಾಗೇ ಇದೆಯಲ್ಲ?

ನೂರು ರಿಕ್ವೆಸ್ಟ್ ತೆಗೆದುಕೊಳ್ಳಿ. 95ಕ್ಕೆ ತಲಾ 100 ಮಿಲಿಸೆಕೆಂಡ್, ಉಳಿದ 5ಕ್ಕೆ ತಲಾ 4.1 ಸೆಕೆಂಡ್. ಒಟ್ಟು 30 ಸೆಕೆಂಡ್, ಸರಾಸರಿ ಸರಿಯಾಗಿ 300 ಮಿಲಿಸೆಕೆಂಡ್. ಆದರೆ 300 ಅನುಭವಿಸಿದವರು ಒಬ್ಬರೂ ಇಲ್ಲ. 95 ಜನ ಖುಷಿಯಾಗಿದ್ದಾರೆ, 5 ಜನ ಫೋನ್ ಎತ್ತುತ್ತಿದ್ದಾರೆ.

ಅದಕ್ಕೇ ಪರ್ಸೆಂಟೈಲ್ ನೋಡಬೇಕು. ಪಿ50 ಅಂದರೆ ನಡುವಿನವರ ಅನುಭವ. ಪಿ99 ಅಂದರೆ ನೂರರಲ್ಲಿ 99 ರಿಕ್ವೆಸ್ಟ್‌ಗಳು ಅದಕ್ಕಿಂತ ಬೇಗ ಮುಗಿದಿವೆ ಅಂತ. ಬಾಲದಲ್ಲಿರುವ ಆ ಒಂದನ್ನು ಕಡೆಗಣಿಸಬೇಡಿ. ಜಾಸ್ತಿ ಡೇಟಾ ಇರುವವರು, ಅಂದರೆ ಹೆಚ್ಚಾಗಿ ನಿಮ್ಮ ದೊಡ್ಡ ಗ್ರಾಹಕರೇ, ಅಲ್ಲಿರುತ್ತಾರೆ.

ಐದು ಸರ್ವರ್ ಇವೆ. ಐದರ ಪಿ99 ಕೂಡಿಸಿ ಐದರಿಂದ ಭಾಗಿಸಬಹುದಾ?

ಬೇಡ. ಬರುವ ಅಂಕಿಗೆ ಅರ್ಥವೇ ಇರುವುದಿಲ್ಲ. ಹಿಸ್ಟೋಗ್ರಾಮ್ ಬಕೆಟ್‌ಗಳನ್ನು (ಇಷ್ಟಿಷ್ಟು ಸಮಯದೊಳಗೆ ಎಷ್ಟೆಷ್ಟು ರಿಕ್ವೆಸ್ಟ್ ಮುಗಿದವು ಅನ್ನುವ ಎಣಿಕೆಗಳನ್ನು) ಕೂಡಿಸಿ, ಕೂಡಿಸಿದ್ದರ ಮೇಲೆ ಪರ್ಸೆಂಟೈಲ್ ಲೆಕ್ಕ ಹಾಕಿ. ಮೆಟ್ರಿಕ್ ಕೂಡಿಡುವ ಪ್ರೊಮಿಥಿಯಸ್‌ನಲ್ಲಿ ಹಿಸ್ಟೋಗ್ರಾಮ್ ಇರುವುದೇ ಇದಕ್ಕೆ.

ಸಿಪಿಯು 80% ಅಂದ್ರೆ ಇನ್ನೂ 20% ಖಾಲಿ ಇದೆ ಅಲ್ವಾ?

ಖಾಲಿ ಇದೆ, ಆದರೆ ಸಾಲು ಆಗಲೇ ಬೆಳೆದಿದೆ. ಒಂದೇ ಕೌಂಟರ್ ಇದೆ, ಜನ ಹೊತ್ತುಗೊತ್ತಿಲ್ಲದೆ ಬರುತ್ತಾರೆ ಅಂದುಕೊಳ್ಳಿ. ಕೌಂಟರಿನವರು ಅರ್ಧ ಸಮಯ ಮಾತ್ರ ಕೆಲಸದಲ್ಲಿದ್ದರೂ, ಇಬ್ಬರು ಒಟ್ಟಿಗೆ ಬಂದಾಗ ಒಬ್ಬರು ಕಾಯಲೇಬೇಕು. ಸರಳ ಕ್ಯೂ ಲೆಕ್ಕದಲ್ಲಿ ಒಟ್ಟು ಸಮಯವೆಂದರೆ ಕೆಲಸದ ಸಮಯವನ್ನು, ಒಂದರಿಂದ ಬಳಕೆಯ ಪಾಲನ್ನು ಕಳೆದು ಉಳಿದದ್ದರಿಂದ ಭಾಗಿಸಿದ್ದು. 50% ಬಳಕೆಗೆ ಸಮಯ 2 ಪಟ್ಟು. 80%ಗೆ 5 ಪಟ್ಟು. 90%ಗೆ 10, 95%ಗೆ 20.

ನಿಜದ ಸರ್ವರ್‌ನಲ್ಲಿ ಕೋರ್‌ಗಳು ಹಲವು ಇರುವುದರಿಂದ ತಿರುವು ಸ್ವಲ್ಪ ತಡವಾಗಿ ಬರುತ್ತದೆ, ಆದರೆ ಬಂದಾಗ ಇನ್ನೂ ಕಡಿದಾಗಿರುತ್ತದೆ. "80ರವರೆಗೆ ಚೆನ್ನಾಗಿತ್ತು, 92ಕ್ಕೆ ಕುಸಿಯಿತು" ಅಂತ ಜನ ಆಶ್ಚರ್ಯಪಡುವುದು ಇದಕ್ಕೇ.

ಸಿಪಿಯು ಬರೀ 15%. ಮೆಮೊರಿನೂ ಖಾಲಿ. ಆದ್ರೂ ಪುಟ ತೆರೆಯಲ್ಲ. ಹೇಗೆ ಸಾಧ್ಯ?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಅತಿ ಹೆಚ್ಚು ತಪ್ಪು ದಾರಿ ಹಿಡಿಸುವುದೂ ಇದೇ. ಸಿಪಿಯು ಖಾಲಿ ಇದೆ ಅಂದರೆ ಥ್ರೆಡ್‌ಗಳು ಕೆಲಸ ಮಾಡದೆ ಕಾಯುತ್ತಿವೆ ಅಂತಲೇ ಅರ್ಥ. ದೊಡ್ಡ ಸರ್ವರ್ ಕೊಂಡರೆ ಇನ್ನೂ ಆರಾಮಾಗಿ ಕಾಯುತ್ತವೆ, ಅಷ್ಟೇ.

ಮೊದಲು ಅನುಮಾನಪಡಬೇಕಾದ್ದು ಡೇಟಾಬೇಸ್ ಕನೆಕ್ಷನ್ ಪೂಲ್, ಅಂದರೆ ಮೊದಲೇ ತೆರೆದಿಟ್ಟು ಸರದಿಯಲ್ಲಿ ಹಂಚಿಕೊಳ್ಳುವ ಸಂಪರ್ಕಗಳ ಗುಂಪು. ಜಾವಾದಲ್ಲಿ ತುಂಬಾ ಬಳಕೆಯಲ್ಲಿರುವ ಹಿಕಾರಿಸಿಪಿ ಪೂಲ್ ಸುಮ್ನೆ ಬಿಟ್ಟರೆ 10 ಕನೆಕ್ಷನ್ ಇಟ್ಟುಕೊಳ್ಳುತ್ತದೆ. ಪ್ರತಿ ರಿಕ್ವೆಸ್ಟ್ ಒಂದು ಕನೆಕ್ಷನ್ ಅನ್ನು 50 ಮಿಲಿಸೆಕೆಂಡ್ ಹಿಡಿದಿಟ್ಟರೆ ಸೆಕೆಂಡಿಗೆ ಹೆಚ್ಚೆಂದರೆ 200 ರಿಕ್ವೆಸ್ಟ್ ಮುಗಿಯುತ್ತವೆ. ಒಂದು ಇಂಡೆಕ್ಸ್ (ಟೇಬಲ್‌ನಲ್ಲಿ ಬೇಗ ಹುಡುಕಲು ಇರುವ ಸೂಚಿ) ತಪ್ಪಿ ಆ 50 ಇದ್ದದ್ದು 500 ಆಯಿತು ಅನ್ನಿ. ಈಗ ಸೆಕೆಂಡಿಗೆ 20 ಮಾತ್ರ. ಬರುತ್ತಿರುವುದು 100 ಆದರೆ ಪ್ರತಿ ಸೆಕೆಂಡಿಗೂ 80 ಸಾಲಿಗೆ ಸೇರುತ್ತಾ ಹೋಗುತ್ತವೆ. ಅಷ್ಟರಲ್ಲಿ ಅಪ್ಲಿಕೇಶನ್ ಸರ್ವರ್‌ನ ಸಿಪಿಯು ಇನ್ನೂ ಕೆಳಗಿಳಿದಿರುತ್ತದೆ!

ಈ ಲೆಕ್ಕಕ್ಕೆ ಲಿಟಲ್ಸ್ ಲಾ ಅನ್ನುತ್ತಾರೆ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ್ದು: ಒಳಗಿರುವವರ ಸಂಖ್ಯೆ ಅಂದರೆ ಬರುವ ವೇಗ ಗುಣಿಸು ಒಳಗಿರುವ ಸಮಯ. ಪೂಲ್, ಥ್ರೆಡ್, ಕ್ಯೂ, ಎಲ್ಲಕ್ಕೂ ಇದು ಒಪ್ಪುತ್ತದೆ.

ಆದ್ದರಿಂದ ಪೂಲ್‌ನ ಮೂರು ಮೆಟ್ರಿಕ್ ತಪ್ಪದೆ ಇಡಿ: ಬಳಕೆಯಲ್ಲಿರುವ ಕನೆಕ್ಷನ್ ಎಷ್ಟು, ಕಾಯುತ್ತಿರುವವರು ಎಷ್ಟು, ಕನೆಕ್ಷನ್ ಸಿಗಲು ಎಷ್ಟು ಹೊತ್ತು. ಮೂರನೆಯದು ಸೊನ್ನೆಯಿಂದ ಮೇಲೆದ್ದರೆ ಕಥೆ ಶುರುವಾಗಿದೆ. ಹಾಗಂತ ಪೂಲ್ ಅನ್ನು 10ರಿಂದ 200ಕ್ಕೆ ಏರಿಸಬೇಡಿ. ಸಾಲು ಅಪ್ಲಿಕೇಶನ್‌ನಿಂದ ಡೇಟಾಬೇಸ್ ಒಳಗೆ ಹೋಗುತ್ತದೆ, ಅಲ್ಲಿ ಇನ್ನೂ ಜಾಸ್ತಿ ತೊಂದರೆ ಕೊಡುತ್ತದೆ.

ಲಿನಕ್ಸ್‌ನಲ್ಲಿ ಲೋಡ್ ಆವರೇಜ್ 40 ಅಂತಿದೆ, ಸಿಪಿಯು ಮಾತ್ರ ಖಾಲಿ. ಏನಿದು?

ಲಿನಕ್ಸ್ ಲೋಡ್ ಆವರೇಜ್‌ನಲ್ಲಿ ಸಿಪಿಯುಗೆ ಕಾಯುವವುಗಳ ಜೊತೆ ಡಿಸ್ಕ್‌ನಂಥದ್ದಕ್ಕೆ ಅಲುಗಾಡದೆ ಕಾಯುವ ಪ್ರೊಸೆಸ್‌ಗಳೂ ಸೇರುತ್ತವೆ. ಪಿಎಸ್ ಕಮಾಂಡಿನಲ್ಲಿ ಡಿ ಸ್ಥಿತಿಯವು ಎಷ್ಟಿವೆ ನೋಡಿ. ಬಹುಪಾಲು ಸಲ ನಿಧಾನವಾದ ಡಿಸ್ಕ್ ಅಥವಾ ಕೈಕೊಟ್ಟ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಬಳಸುವ ಕಡತಗಳ ಜಾಗ) ಸಿಗುತ್ತದೆ.

## ದೋಷ ಹುಡುಕುವಾಗ

ನೆಟ್‌ವರ್ಕ್‌ನವರು ನಮ್ಮದಲ್ಲ ಅಂತಾರೆ, ಡೇಟಾಬೇಸ್ ನೋಡಿಕೊಳ್ಳುವ ಡಿಬಿಎ ನಮ್ಮದಲ್ಲ ಅಂತಾರೆ. ಎಲ್ಲಿಂದ ಹಿಡಿಯೋದು?

ಗಡಿಯಿಂದ ಹಿಡಿಯಿರಿ. ಎರಡು ಪದರ ಸೇರುವ ಕಡೆ ಎರಡೂ ಬದಿಯ ಸಮಯ ಅಳೆಯಿರಿ. ಅಪ್ಲಿಕೇಶನ್ "ಈ ಕ್ವೆರಿಗೆ 2 ಸೆಕೆಂಡ್ ಆಯಿತು" ಅನ್ನುತ್ತದೆ, ಡೇಟಾಬೇಸ್ "ನನಗೆ 30 ಮಿಲಿಸೆಕೆಂಡ್" ಅನ್ನುತ್ತದೆ ಅಂದುಕೊಳ್ಳಿ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಡುವೆ 1.97 ಸೆಕೆಂಡ್ ಕಳೆದುಹೋಗಿದೆ. ಅದು ಪೂಲ್‌ನಲ್ಲಿ ಕಾದದ್ದಿರಬಹುದು, ಪ್ಯಾಕೆಟ್ ಬಿದ್ದು ಮತ್ತೆ ಕಳಿಸಿದ್ದಿರಬಹುದು, ಸಾವಿರಾರು ಸಾಲುಗಳನ್ನು ಚೂರು ಚೂರಾಗಿ ತಂದದ್ದಿರಬಹುದು, ಇಲ್ಲವೇ ಅದೇ ಕ್ಷಣದಲ್ಲಿ ಅಪ್ಲಿಕೇಶನ್‌ನ ಗಾರ್ಬೇಜ್ ಕಲೆಕ್ಷನ್ (ಬೇಡವಾದ ಮೆಮೊರಿ ಖಾಲಿ ಮಾಡುವ ಕೆಲಸ) ಓಡಿದ್ದಿರಬಹುದು. ಹುಡುಕುವ ಜಾಗ ಈಗ ಚಿಕ್ಕದಾಯಿತು, ಅಲ್ವಾ?

ಸಭೆಯಲ್ಲಿ "ಯಾರ ತಪ್ಪು" ಅನ್ನುವ ಬದಲು "ಈ ಎರಡು ಸೆಕೆಂಡ್ ಎಲ್ಲಿ ಕಳೆಯಿತು" ಅಂತ ಕೇಳಿ. ಒಂದೇ ರಿಕ್ವೆಸ್ಟ್ ಹಿಡಿದು, ಅದರ ಐಡಿ ಬೋರ್ಡ್ ಮೇಲೆ ಬರೆದು, ಪ್ರತಿ ತಂಡವೂ ತಮ್ಮ ಕಡೆಯ ಒಳಬಂದ ಮತ್ತು ಹೊರಹೋದ ಸಮಯ ಕೊಡಲಿ. ಎಲ್ಲ ಸರ್ವರ್‌ಗಳ ಗಡಿಯಾರ ಎನ್‌ಟಿಪಿಯಿಂದ ಸರಿಹೊಂದಿದೆಯೇ ಅಂತ ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ರಿಕ್ವೆಸ್ಟ್ ಹೊರಡುವ ಮುಂಚೆಯೇ ತಲುಪಿದ ಹಾಗೆ ಕಾಣುತ್ತದೆ.

ರೀಸ್ಟಾರ್ಟ್ ಮಾಡಿದ್ರೆ ಸರಿಹೋಗುತ್ತೆ. ಹಾಗೇ ಮಾಡ್ಕೊಂಡು ಹೋದ್ರೆ ತಪ್ಪಾ?

ವ್ಯವಹಾರ ನಿಂತಿರುವಾಗ ರೀಸ್ಟಾರ್ಟ್ ಮಾಡುವುದು ತಪ್ಪಲ್ಲ. ಸಾಕ್ಷಿ ತೆಗೆದುಕೊಳ್ಳದೆ ಮಾಡುವುದು ತಪ್ಪು. ಜಾವಾ ಆದರೆ ಜೆಸ್ಟ್ಯಾಕ್ ಕಮಾಂಡಿನಿಂದ 10 ಸೆಕೆಂಡ್ ಅಂತರದಲ್ಲಿ ಮೂರು ಥ್ರೆಡ್ ಡಂಪ್ (ಆ ಕ್ಷಣ ಪ್ರತಿ ಥ್ರೆಡ್ ಕೋಡ್‌ನಲ್ಲಿ ಎಲ್ಲಿದೆ ಅನ್ನುವ ಚಿತ್ರ) ತೆಗೆಯಿರಿ. ಒಂದು ನಿಮಿಷವೂ ಹಿಡಿಯುವುದಿಲ್ಲ.

ಮೂರು ಯಾಕೆ? ಒಂದರಲ್ಲಿ ಥ್ರೆಡ್ ಎಲ್ಲಿದೆ ಅಂತ ತಿಳಿಯುತ್ತದೆ, ಅಲ್ಲೇ ಸಿಕ್ಕಿಹಾಕಿಕೊಂಡಿದೆಯೇ ಅಂತ ತಿಳಿಯುವುದಿಲ್ಲ. ಮೂರರಲ್ಲೂ 180 ಥ್ರೆಡ್‌ಗಳು ಕೋಡ್‌ನ ಒಂದೇ ಸಾಲಿನಲ್ಲಿ ನಿಂತಿದ್ದರೆ ಆ ಸಾಲೇ ಅಪರಾಧಿ. "ಬ್ಲಾಕ್ಡ್" ಅಂತಿದ್ದರೆ ಯಾವ ಲಾಕ್, ಅದನ್ನು ಹಿಡಿದಿರುವ ಥ್ರೆಡ್ ಯಾವುದು ಅಂತ ಅದೇ ಡಂಪ್‌ನಲ್ಲಿ ಇರುತ್ತದೆ. ಸಾಕೆಟ್ (ನೆಟ್‌ವರ್ಕ್ ಸಂಪರ್ಕದ ತುದಿ) ಓದುವ ಕಡೆ ನಿಂತಿದ್ದರೆ ಎದುರಿನ ಸಿಸ್ಟಮ್ ಉತ್ತರಿಸುತ್ತಿಲ್ಲ, ಮತ್ತು ನೀವು ಟೈಮ್‌ಔಟ್ (ಇಷ್ಟು ಹೊತ್ತಾದರೆ ಕೈಬಿಡು ಅನ್ನುವ ಮಿತಿ) ಹಾಕಿಲ್ಲ.

ತಡ ಆದಾಗೆಲ್ಲ ಸರಿಯಾಗಿ 5 ಸೆಕೆಂಡ್ ಆಗುತ್ತೆ. ಇದಕ್ಕೇನಾದ್ರೂ ಅರ್ಥ ಇದೆಯಾ?

ಖಂಡಿತ ಇದೆ. ನನಗೆ ತುಂಬಾ ಇಷ್ಟದ ಪ್ರಶ್ನೆ ಇದು. ಕೆಲಸದ ಹೊರೆಯಿಂದ ಆಗುವ ತಡ ಒಮ್ಮೆ 3.2, ಒಮ್ಮೆ 6.7 ಅಂತ ಹರಡಿಕೊಂಡಿರುತ್ತದೆ. ಪ್ರತಿ ಸಲವೂ ಒಂದೇ ದುಂಡು ಅಂಕಿ ಬಂದರೆ ಅದು ಯಾರೋ ಎಲ್ಲೋ ಇಟ್ಟ ಟೈಮರ್.

5 ಸೆಕೆಂಡ್ ಅಂದರೆ ಮೊದಲ ಅನುಮಾನ ಡಿಎನ್‌ಎಸ್ ಮೇಲೆ. ಲಿನಕ್ಸ್‌ನಲ್ಲಿ ಹೆಸರು ಹುಡುಕುವಾಗ ಮೊದಲ ಸರ್ವರ್ ಸುಮ್ಮನಿದ್ದರೆ 5 ಸೆಕೆಂಡ್ ಕಾದು ಮುಂದಿನದಕ್ಕೆ ಹೋಗುತ್ತದೆ. 1, 3 ಅಥವಾ 7 ಸೆಕೆಂಡ್ ಅಂದರೆ ಟಿಸಿಪಿ ಕನೆಕ್ಷನ್‌ನ ಮೊದಲ ಪ್ಯಾಕೆಟ್ ಎಲ್ಲೋ ಬಿದ್ದಿದೆ. 6.5ಕ್ಕೆ ಮುಂಚಿನ ಲಿನಕ್ಸ್ ಅದನ್ನು 1 ಸೆಕೆಂಡ್ ನಂತರ, ಆಮೇಲೆ 2, ಆಮೇಲೆ 4 ಸೆಕೆಂಡ್ ಬಿಟ್ಟು ಮತ್ತೆ ಕಳಿಸುತ್ತದೆ; ಆಮೇಲಿನವು ಮೊದಲ ಕೆಲವು ಸಲ 1 ಸೆಕೆಂಡಿಗೊಮ್ಮೆ ಕಳಿಸುತ್ತವೆ. ಫೈರ್‌ವಾಲ್ ಅಥವಾ ತುಂಬಿದ ಲಿಸನ್ ಕ್ಯೂ (ಸ್ವೀಕಾರಕ್ಕೆ ಕಾದಿರುವ ಹೊಸ ಕನೆಕ್ಷನ್‌ಗಳ ಸಾಲು) ನೋಡಿ. 200 ಮಿಲಿಸೆಕೆಂಡ್ ಸುತ್ತಮುತ್ತ ಅಂದರೆ ನಡೆಯುತ್ತಿರುವ ಕನೆಕ್ಷನ್‌ನಲ್ಲಿ ಪ್ಯಾಕೆಟ್ ಕಳೆದಿರಬಹುದು. 40 ಮಿಲಿಸೆಕೆಂಡ್ ಅಂದರೆ ನೇಗಲ್ ಅಲ್ಗಾರಿದಮ್ (ಸಣ್ಣ ಪ್ಯಾಕೆಟ್‌ಗಳನ್ನು ಕೂಡಿಹಾಕಿ ಕಳಿಸುವುದು) ಮತ್ತು ಡಿಲೇಡ್ ಆಕ್ (ತಲುಪಿತು ಅನ್ನುವ ಸುದ್ದಿಯನ್ನು ತಡೆದು ಕಳಿಸುವುದು) ಒಬ್ಬರಿಗೊಬ್ಬರು ಕಾಯುತ್ತಿವೆ.

30 ಸೆಕೆಂಡ್ ಹಿಕಾರಿ ಪೂಲ್‌ನಲ್ಲಿ ಕನೆಕ್ಷನ್‌ಗೆ ಕಾಯುವ ಮಿತಿ. 50 ಸೆಕೆಂಡ್ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಇನ್ನೋಡಿಬಿ ಲಾಕ್‌ಗೆ ಕಾಯುವ ಮಿತಿ. 60 ಸೆಕೆಂಡ್ ಮುಂದೆ ನಿಂತು ರಿಕ್ವೆಸ್ಟ್ ದಾಟಿಸುವ ಎಂಜಿನ್‌ಎಕ್ಸ್ ತನ್ನ ಹಿಂದಿನ ಸರ್ವರ್‌ಗೆ ಕಾಯುವ ಮಿತಿ. ಇವೆಲ್ಲ ಮೊದಲೇ ಬಂದಿರುವ ಬೆಲೆಗಳು, ನಿಮ್ಮಲ್ಲಿ ಬದಲಿಸಿರಬಹುದು. ಆದ್ದರಿಂದ ನಿಮ್ಮ ಸಿಸ್ಟಮ್‌ನ ಎಲ್ಲ ಟೈಮ್‌ಔಟ್‌ಗಳದ್ದೂ ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ಅಂಕಿ ನೋಡಿದ ಕೂಡಲೇ ಯಾರದು ಅಂತ ಹೇಳುವ ಹಾಗಿರಬೇಕು.

ಟೆಸ್ಟ್‌ನಲ್ಲಿ ಚಕ್ ಅಂತ ಬರುತ್ತೆ, ಪ್ರೊಡಕ್ಷನ್‌ನಲ್ಲಿ (ನಿಜದ ಬಳಕೆಯಲ್ಲಿ) ಎಳೆಯುತ್ತೆ. ಕೋಡ್ ಒಂದೇ!

ಡೇಟಾ ಒಂದೇ ಅಲ್ಲ, ದೂರವೂ ಒಂದೇ ಅಲ್ಲ. ಇಲ್ಲಿ ಹೆಚ್ಚಾಗಿ ಸಿಗುವ ಕಳ್ಳ ಎನ್ ಪ್ಲಸ್ ಒನ್ ಕ್ವೆರಿ. ಆರ್ಡರ್‌ಗಳ ಪಟ್ಟಿ ತರಲು ಒಂದು ಕ್ವೆರಿ, ಆಮೇಲೆ ಪ್ರತಿ ಆರ್ಡರ್‌ನ ಗ್ರಾಹಕರ ಹೆಸರಿಗೆ ಒಂದೊಂದು. ಟೆಸ್ಟ್‌ನಲ್ಲಿ 5 ಆರ್ಡರ್, 6 ಕ್ವೆರಿ, ಡೇಟಾಬೇಸ್ ಅದೇ ಯಂತ್ರದಲ್ಲಿ. ಪ್ರೊಡಕ್ಷನ್‌ನಲ್ಲಿ 800 ಆರ್ಡರ್, 801 ಕ್ವೆರಿ, ಪ್ರತಿಯೊಂದಕ್ಕೂ ಹೋಗಿಬರಲು 2 ಮಿಲಿಸೆಕೆಂಡ್. ಬರೀ ಓಡಾಟಕ್ಕೇ 1.6 ಸೆಕೆಂಡ್ ಆಯಿತು.

ಸ್ಲೋ ಕ್ವೆರಿ ಲಾಗ್‌ನಲ್ಲಿ ಇದು ಯಾವತ್ತೂ ಸಿಗುವುದಿಲ್ಲ, ಒಂದೊಂದು ಕ್ವೆರಿಯೂ ಮಿಂಚಿನಂತೆ ಮುಗಿಯುತ್ತದಲ್ಲ. ಎಷ್ಟು ಸಲ ಓಡಿತು ಅನ್ನುವ ಎಣಿಕೆ ನೋಡಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ ಅದನ್ನು ಕೊಡುತ್ತದೆ. ಟ್ರೇಸ್ ಇದ್ದರೆ ಇನ್ನೂ ಸುಲಭ, ಒಂದೇ ಬಗೆಯ ನೂರಾರು ಸಣ್ಣ ಪಟ್ಟಿಗಳು ಮೆಟ್ಟಿಲಿನ ಹಾಗೆ ಕಾಣುತ್ತವೆ.

ನಿನ್ನೆವರೆಗೆ ಚೆನ್ನಾಗಿದ್ದ ಕ್ವೆರಿ ಇವತ್ತು ಇದ್ದಕ್ಕಿದ್ದಂಗೆ ಎರಡು ನಿಮಿಷ ತಗೊಳ್ತಿದೆ. ಯಾರೂ ಮುಟ್ಟಿಲ್ಲ.

ಓಡುತ್ತಿದೆಯಾ, ಕಾಯುತ್ತಿದೆಯಾ ಅಂತ ಮೊದಲು ಬೇರೆ ಮಾಡಿ. ಲಾಕ್‌ಗೆ ಕಾಯುತ್ತಿದ್ದರೆ ಹಿಡಿದವರನ್ನು ಹುಡುಕಿ. ಪೋಸ್ಟ್‌ಗ್ರೆಸ್‌ನ ಚಟುವಟಿಕೆ ಪಟ್ಟಿಯಲ್ಲಿ "ಐಡಲ್ ಇನ್ ಟ್ರಾನ್ಸಾಕ್ಷನ್" ಅಂತ ಒಂದು ಸೆಷನ್ ಗಂಟೆಗಟ್ಟಲೆ ಕೂತಿರುವುದು ಹೊಸದಲ್ಲ. ಯಾರೋ ಅಪ್‌ಡೇಟ್ ಓಡಿಸಿ ಕಮಿಟ್ ಮಾಡದೆ (ಬದಲಾವಣೆ ಖಚಿತಪಡಿಸದೆ) ಎದ್ದು ಹೋಗಿರುತ್ತಾರೆ.

ನಿಜವಾಗಿ ಓಡುತ್ತಿದ್ದರೆ ಎಕ್ಸಿಕ್ಯೂಷನ್ ಪ್ಲಾನ್ (ಉತ್ತರ ಹುಡುಕಲು ಡೇಟಾಬೇಸ್ ಆರಿಸಿದ ದಾರಿ) ಬದಲಾಗಿರಬೇಕು. ಟೇಬಲ್ ಬೆಳೆದು, ಅಂಕಿಅಂಶ ಹಳೆಯದಾಗಿ, ಡೇಟಾಬೇಸ್ 50 ಸಾಲು ಬರುತ್ತವೆ ಅಂದುಕೊಂಡ ಕಡೆ 50 ಲಕ್ಷ ಬಂದಿರುತ್ತವೆ. ಎಕ್ಸ್‌ಪ್ಲೇನ್ ಅನಲೈಸ್ ಓಡಿಸಿ, ಅಂದಾಜು ಸಾಲು ಮತ್ತು ನಿಜದ ಸಾಲು ಎಲ್ಲಿ ದೂರವಾಗಿವೆ ಅಂತ ಹುಡುಕಿ. ಸಾಮಾನ್ಯವಾಗಿ ಅಲ್ಲೇ ಉತ್ತರ ಇರುತ್ತದೆ. ಚೆನ್ನಾಗಿದ್ದಾಗಿನ ಪ್ಲಾನ್ ಎತ್ತಿಟ್ಟಿದ್ದರೆ ಕೆಲಸ ಇನ್ನೂ ಬೇಗ.

502, 503, 504 ಎರರ್ ಕೋಡ್‌ಗಳು. ಎಲ್ಲಾ ಒಂದೇ ಅಲ್ವಾ?

ಅಲ್ಲ. ಸಾಮಾನ್ಯವಾಗಿ 502 ಅಂದರೆ ಹಿಂದಿನ ಸರ್ವರ್ ಸಂಪರ್ಕ ಕಡಿದಿದೆ ಅಥವಾ ಅಸಂಬದ್ಧ ಉತ್ತರ ಕೊಟ್ಟಿದೆ. 503 ಅಂದರೆ ಸದ್ಯಕ್ಕೆ ಆಗುವುದಿಲ್ಲ ಅಂತ ಗೊತ್ತಿದ್ದೇ ಹೇಳಿದ್ದು. 504 ಅಂದರೆ ಕಾದು ಕಾದು ಕೈಬಿಟ್ಟದ್ದು. ಎಂಜಿನ್‌ಎಕ್ಸ್ ಲಾಗ್‌ನಲ್ಲಿ 499 ಕಂಡರೆ ಕೈಬಿಟ್ಟವರು ಬಳಸುವವರೇ.

## ಆಳದ ಪ್ರಶ್ನೆಗಳು

ಒಂದು ರಿಕ್ವೆಸ್ಟ್ 30 ಸರ್ವಿಸ್ ದಾಟುತ್ತೆ. ಟ್ರೇಸಿಂಗ್ ಹಾಕಿದ್ವಿ, ಆದ್ರೂ ಅರ್ಧಕ್ಕೇ ನಿಲ್ಲುತ್ತೆ.

ಡಿಸ್ಟ್ರಿಬ್ಯೂಟೆಡ್ ಟ್ರೇಸಿಂಗ್‌ನ ಜೀವ ಇರುವುದು ಐಡಿಯನ್ನು ಕೈಯಿಂದ ಕೈಗೆ ದಾಟಿಸುವುದರಲ್ಲಿ. ಗೂಗಲ್ ತನ್ನ ಟ್ರೇಸಿಂಗ್ ಉಪಕರಣ ಡ್ಯಾಪರ್ ಬಗ್ಗೆ 2010ರಲ್ಲಿ ಬರೆಯಿತು, 2012ರಲ್ಲಿ ಟ್ವಿಟರ್ ಜಿಪ್ಕಿನ್ ಬಿಡುಗಡೆ ಮಾಡಿತು. ಆಮೇಲೆ ಪ್ರತಿ ಉಪಕರಣವೂ ಐಡಿ ಸಾಗಿಸಲು ತನ್ನದೇ ಹೆಡರ್ (ರಿಕ್ವೆಸ್ಟ್ ಜೊತೆ ಹೋಗುವ ಚೀಟಿ) ಇಟ್ಟುಕೊಂಡಿತು. 2019ರಲ್ಲಿ ಓಪನ್‌ಟ್ರೇಸಿಂಗ್ ಮತ್ತು ಓಪನ್‌ಸೆನ್ಸಸ್ ಅನ್ನುವ ಎರಡು ಯೋಜನೆಗಳು ಸೇರಿ ಓಪನ್‌ಟೆಲಿಮೆಟ್ರಿ ಆಯಿತು. 2020ರಲ್ಲಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿ ಟ್ರೇಸ್‌ಪೇರೆಂಟ್ ಹೆಡರ್ ಅನ್ನು ಮಾನದಂಡ ಮಾಡಿತು. ಹೊಸದಾಗಿ ಶುರು ಮಾಡುವವರು ಇದನ್ನೇ ಹಿಡಿಯಿರಿ.

ಟ್ರೇಸ್ ತುಂಡಾಗುವುದು ಕೆಲವೇ ಜಾಗಗಳಲ್ಲಿ. ಮೆಸೇಜ್ ಕ್ಯೂ ದಾಟುವಾಗ ಐಡಿಯನ್ನು ಮೆಸೇಜ್ ಜೊತೆ ಕಳಿಸಿರುವುದಿಲ್ಲ. ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ ಕೆಲಸ ಹಸ್ತಾಂತರವಾಗುವಾಗ ಬಿಟ್ಟುಹೋಗುತ್ತದೆ. ಹಳೆಯ ಗೇಟ್‌ವೇ ಗೊತ್ತಿಲ್ಲದ ಹೆಡರ್‌ಗಳನ್ನು ಕಿತ್ತು ಎಸೆಯುತ್ತದೆ. ಮೇನ್‌ಫ್ರೇಮ್‌ಗೆ ಹೋದದ್ದಂತೂ ಮಾಯ. ಅಲ್ಲಿಗೆ ಕನಿಷ್ಠ ಹೋದ ಸಮಯ, ಬಂದ ಸಮಯ ಬರೆದಿಡಿ.

ಇನ್ನೊಂದು ಸಾಧ್ಯತೆ ಸ್ಯಾಂಪ್ಲಿಂಗ್. ರಿಕ್ವೆಸ್ಟ್ ಶುರುವಾಗುವಾಗಲೇ ನೂರಕ್ಕೆ ಒಂದನ್ನು ಆರಿಸಿದರೆ, ನಿಮಗೆ ಬೇಕಾದ ನಿಧಾನದ ರಿಕ್ವೆಸ್ಟ್ ಉಳಿದ 99ರಲ್ಲಿ ಹೋಗಿರುತ್ತದೆ. ಮುಗಿದ ಮೇಲೆ ನಿರ್ಧರಿಸುವ ಟೇಲ್ ಸ್ಯಾಂಪ್ಲಿಂಗ್‌ನಲ್ಲಿ ಎರರ್ ಬಂದದ್ದು, ತಡವಾದದ್ದು ಎಲ್ಲ ಉಳಿಯುತ್ತದೆ. ಅದಕ್ಕೆ ಮೆಮೊರಿ ಜಾಸ್ತಿ ಬೇಕು, ಆದರೂ ನನ್ನ ಮತ ಅದಕ್ಕೇ.

ಪ್ರತಿ ಸರ್ವಿಸ್ ವೇಗವಾಗಿದೆ. ಎಲ್ಲಾ ಸೇರಿದ್ರೆ ಮಾತ್ರ ನಿಧಾನ. ಯಾಕೆ?

ಒಂದು ಸರ್ವಿಸ್ ನೂರಕ್ಕೆ ಒಂದು ಸಲ ಮಾತ್ರ ತಡ ಮಾಡುತ್ತದೆ ಅನ್ನಿ. ಒಂದು ಪುಟ ಅಂಥ 100 ಕರೆಗಳನ್ನು ಒಟ್ಟಿಗೆ ಮಾಡಿ ಎಲ್ಲದಕ್ಕೂ ಕಾಯಬೇಕಾದರೆ, ಒಂದಾದರೂ ತಡವಾಗುವ ಸಾಧ್ಯತೆ 63%. 0.99 ಅನ್ನು ನೂರು ಸಲ ಗುಣಿಸಿ, ಒಂದರಿಂದ ಕಳೆದು ನೋಡಿ. ಒಬ್ಬರಿಗೆ ಅಪರೂಪವಾದದ್ದು ಎಲ್ಲರೂ ಸೇರಿದಾಗ ದಿನನಿತ್ಯದ್ದಾಗುತ್ತದೆ. ಕರೆಗಳ ಸಂಖ್ಯೆ ಕಡಿಮೆ ಮಾಡುವುದೇ ಮೊದಲ ಮದ್ದು.

ಕಂಟೇನರ್‌ನಲ್ಲಿ ಸಿಪಿಯು ಬಳಕೆ 40% ದಾಟಿಲ್ಲ. ಪಿ99 ಮಾತ್ರ ಕುಣಿಯುತ್ತೆ.

ಥ್ರಾಟ್ಲಿಂಗ್ (ಪಾಲು ಮುಗಿದದ್ದಕ್ಕೆ ತಡೆಹಿಡಿಯುವುದು) ನೋಡಿ. ಕಂಟೇನರ್‌ಗಳನ್ನು (ತಮ್ಮದೇ ಮಿತಿಯೊಳಗೆ ಓಡುವ ಅಪ್ಲಿಕೇಶನ್ ಡಬ್ಬಿಗಳನ್ನು) ನಡೆಸುವ ಕುಬರ್ನೆಟಿಸ್‌ನಲ್ಲಿ ಸಿಪಿಯು ಲಿಮಿಟ್ 1 ಅಂತ ಇಟ್ಟರೆ ಕರ್ನಲ್ ಅದನ್ನು ಪ್ರತಿ 100 ಮಿಲಿಸೆಕೆಂಡಿಗೆ 100 ಮಿಲಿಸೆಕೆಂಡಿನ ಪಾಲು ಅಂತ ತಿಳಿಯುತ್ತದೆ. ನಿಮ್ಮ 4 ಥ್ರೆಡ್‌ಗಳು ಒಟ್ಟಿಗೆ ಎದ್ದರೆ 25 ಮಿಲಿಸೆಕೆಂಡಿನಲ್ಲೇ ಪಾಲು ಖಾಲಿ. ಉಳಿದ 75 ಮಿಲಿಸೆಕೆಂಡ್ ಕೈಕಟ್ಟಿ ಕೂರಬೇಕು. ನಿಮಿಷದ ಸರಾಸರಿಯಲ್ಲಿ ಇದರ ಸುಳಿವೇ ಇರುವುದಿಲ್ಲ. ಈ ಮಿತಿಗಳನ್ನು ನೋಡಿಕೊಳ್ಳುವ ಸಿಗ್ರೂಪ್‌ನ ಸಿಪಿಯು ಸ್ಟ್ಯಾಟ್ ಕಡತದಲ್ಲಿ ಎಷ್ಟು ಸಲ ಥ್ರಾಟಲ್ ಆಯಿತು ಅನ್ನುವ ಎಣಿಕೆ ಇದೆ, ಅದನ್ನು ಗ್ರಾಫ್ ಮಾಡಿ. ಕಂಟೇನರ್ 137 ಕೋಡ್ ಕೊಟ್ಟು ಸಾಯುತ್ತಿದ್ದರೆ ಅದು ಬೇರೆ ರೋಗ: ಬಲವಂತವಾಗಿ ಕೊಂದದ್ದು, ಹೆಚ್ಚಾಗಿ ಮೆಮೊರಿ ಮಿತಿ ದಾಟಿದ್ದಕ್ಕೆ.

ಒಂದು ಸಣ್ಣ ಸರ್ವಿಸ್ ಸ್ವಲ್ಪ ಎಡವಿತು, ಪೂರ್ತಿ ಸಿಸ್ಟಮ್ ಮಲಗಿತು. ಹೇಗೆ?

ರೀಟ್ರೈಗಳಿಂದ. ಮೂರು ಪದರಗಳಿವೆ, ಪ್ರತಿ ಪದರವೂ ಸೋತರೆ ಮತ್ತೆ ಪ್ರಯತ್ನಿಸಿ ಒಟ್ಟು 4 ಸಲ ಕರೆಯುತ್ತದೆ ಅನ್ನಿ. ಬಳಸುವವರ ಒಂದು ಕ್ಲಿಕ್ ತಳದ ಡೇಟಾಬೇಸ್ ತಲುಪುವಾಗ 4 ಗುಣಿಸು 4 ಗುಣಿಸು 4, ಅಂದರೆ 64 ಕರೆ. ಡೇಟಾಬೇಸ್ ಎಡವಿದ್ದು ಹೊರೆಯಿಂದ. ನಾವು ಹೊರೆಯನ್ನು 64 ಪಟ್ಟು ಮಾಡಿದೆವು. ಬೇಸತ್ತವರು ರಿಫ್ರೆಶ್ ಒತ್ತುವುದು ಬೇರೆ.

ರೀಟ್ರೈ ಒಂದೇ ಪದರದಲ್ಲಿ ಇರಲಿ. ಪ್ರತಿ ಸಲ ಕಾಯುವ ಸಮಯ ಹೆಚ್ಚಿಸಿ, ಅದಕ್ಕೆ ಸ್ವಲ್ಪ ಯಾದೃಚ್ಛಿಕ ಏರಿಳಿತ ಸೇರಿಸಿ. ಇಲ್ಲದಿದ್ದರೆ ಎಲ್ಲರೂ ಒಂದೇ ಕ್ಷಣದಲ್ಲಿ ಮತ್ತೆ ಬಾಗಿಲು ತಟ್ಟುತ್ತಾರೆ. ಟೈಮ್‌ಔಟ್‌ಗಳು ಮೇಲಿನಿಂದ ಕೆಳಗೆ ಕಡಿಮೆಯಾಗುತ್ತಾ ಹೋಗಬೇಕು. ಮೇಲಿನವರು 10 ಸೆಕೆಂಡಿಗೆ ಕೈಬಿಟ್ಟ ಮೇಲೂ ಕೆಳಗಿನವರು 60 ಸೆಕೆಂಡ್ ದುಡಿಯುತ್ತಿದ್ದರೆ, ಆ ದುಡಿಮೆಯ ಫಲ ತಿನ್ನಲು ಯಾರೂ ಇಲ್ಲ. ಸತತ ಸೋಲು ಕಂಡರೆ ಸ್ವಲ್ಪ ಹೊತ್ತು ಕರೆಯನ್ನೇ ನಿಲ್ಲಿಸುವ ಸರ್ಕ್ಯೂಟ್ ಬ್ರೇಕರ್ ಇಡಿ. ಒದ್ದಾಡುವ ಸರ್ವಿಸ್‌ಗೆ ಉಸಿರಾಡಲು ಅಷ್ಟು ಬಿಡುವು ಬೇಕು.

ದಿನಕ್ಕೆ ನೂರಾರು ಅಲರ್ಟ್ ಬರುತ್ತೆ. ಯಾರೂ ನೋಡಲ್ಲ. ಏನ್ಮಾಡೋದು?

ಸಿಪಿಯು 85% ಅನ್ನುವ ಅಲರ್ಟ್ ಕಿತ್ತುಹಾಕಿ. ರಾತ್ರಿ ಎಬ್ಬಿಸುವ ಅಲರ್ಟ್ ಬಳಸುವವರ ನೋವಿನ ಬಗ್ಗೆ ಮಾತ್ರ ಇರಲಿ. ಸಿಸ್ಟಮ್ 99.9% ಸಮಯ ಸರಿಯಿರಬೇಕು ಅನ್ನುವ ಗುರಿ ಇದ್ದರೆ 30 ದಿನಕ್ಕೆ 43.2 ನಿಮಿಷದ ಸೋಲಿನ ಬಜೆಟ್ ಇದೆ. ಅದು ಎಷ್ಟು ವೇಗವಾಗಿ ಕರಗುತ್ತಿದೆ ಅನ್ನುವುದರ ಮೇಲೆ ಅಲರ್ಟ್ ಇಡಿ. 30 ದಿನಕ್ಕೆ ಸರಿಯಾಗಿ ಮುಗಿಯುವ ವೇಗದ 14.4 ಪಟ್ಟು ಕರಗಿದರೆ ಒಂದೇ ಗಂಟೆಯಲ್ಲಿ ತಿಂಗಳ ಬಜೆಟ್‌ನ 2% ಹೋಗುತ್ತದೆ, ಆಗ ಎಬ್ಬಿಸಬಹುದು. ನಿಧಾನವಾಗಿ ಕರಗುತ್ತಿದ್ದರೆ ಟಿಕೆಟ್ ಸಾಕು.

ಮೆಟ್ರಿಕ್ ಸಿಸ್ಟಮ್ಮೇ ಮೆಮೊರಿ ತಿಂದು ಬೀಳುತ್ತಿದೆ!

ಯಾರೋ ಮೆಟ್ರಿಕ್‌ನ ಲೇಬಲ್‌ನಲ್ಲಿ ಯೂಸರ್ ಐಡಿ ಹಾಕಿರಬೇಕು. 50 ಎಂಡ್‌ಪಾಯಿಂಟ್, 5 ಸ್ಟೇಟಸ್, 20 ಪಾಡ್ (ಕಂಟೇನರ್ ಓಡುವ ಘಟಕ) ಅಂದರೆ, ಪ್ರತಿ ಹೊಂದಿಕೆಗೂ ಒಂದರಂತೆ, 5,000 ಸರಣಿ. ಅದಕ್ಕೆ ಒಂದು ಲಕ್ಷ ಯೂಸರ್ ಐಡಿ ಗುಣಿಸಿದರೆ 50 ಕೋಟಿವರೆಗೆ ಹೋಗಬಹುದು. ಐಡಿಗಳ ಜಾಗ ಲಾಗ್ ಮತ್ತು ಟ್ರೇಸ್.

ಲೋಡ್ ಟೆಸ್ಟ್ ಪಾಸ್ ಆಗಿತ್ತು. ಮೊದಲ ದಿನವೇ ಬಿತ್ತು. ಟೆಸ್ಟ್ ಸುಳ್ಳು ಹೇಳ್ತಾ?

ಹೇಳಿರಬಹುದು. ಬಹಳಷ್ಟು ಟೆಸ್ಟ್ ಉಪಕರಣಗಳಲ್ಲಿ ಪ್ರತಿ ನಕಲಿ ಬಳಕೆದಾರ ಹಿಂದಿನ ಉತ್ತರ ಬಂದ ಮೇಲಷ್ಟೇ ಮುಂದಿನ ರಿಕ್ವೆಸ್ಟ್ ಕಳಿಸುತ್ತಾನೆ. ಸರ್ವರ್ 10 ಸೆಕೆಂಡ್ ನಿಂತರೆ ಅವನೂ ನಿಲ್ಲುತ್ತಾನೆ. ಆ ಹೊತ್ತಿನಲ್ಲಿ ಬರಬೇಕಿದ್ದ ನೂರಾರು ರಿಕ್ವೆಸ್ಟ್ ಬರುವುದೇ ಇಲ್ಲ, ಲೆಕ್ಕಕ್ಕೆ ಸೇರುವುದು ಒಂದೇ ಒಂದು 10 ಸೆಕೆಂಡಿನ ಅಳತೆ. ಪಿ99 ಚಂದ ಕಾಣುತ್ತದೆ. ಜಾವಾ ತಜ್ಞ ಗಿಲ್ ಟೆನೆ ಇದಕ್ಕೆ ಕೋಆರ್ಡಿನೇಟೆಡ್ ಒಮಿಷನ್ ಅಂತ ಹೆಸರಿಟ್ಟರು. ನಿಜವಾದ ಜನ ಸರ್ವರ್ ನಿಂತಿದೆ ಅಂತ ಬರುವುದನ್ನು ನಿಲ್ಲಿಸುವುದಿಲ್ಲ. ಆದ್ದರಿಂದ ಉತ್ತರ ಬಂದರೂ ಬಾರದಿದ್ದರೂ ಸೆಕೆಂಡಿಗೆ ಇಷ್ಟು ಅಂತ ಕಳಿಸುವ ಬಗೆಯಲ್ಲಿ ಟೆಸ್ಟ್ ಮಾಡಿ, ರಿಕ್ವೆಸ್ಟ್ ಹೊರಡಬೇಕಿದ್ದ ಕ್ಷಣದಿಂದ ಸಮಯ ಅಳೆಯಿರಿ.

ಟೆಸ್ಟ್ ಕಳಿಸುವ ಯಂತ್ರವನ್ನೂ ನೋಡಿ. ಲಿನಕ್ಸ್‌ನಲ್ಲಿ ಹೊರಹೋಗುವ ಕನೆಕ್ಷನ್‌ಗೆ ಮೊದಲೇ ಇಟ್ಟಿರುವ ಪೋರ್ಟ್‌ಗಳು 32768ರಿಂದ 60999, ಅಂದರೆ 28,232. ಮೊದಲು ಮುಚ್ಚಿದ ಕಡೆ ಪೋರ್ಟ್ 60 ಸೆಕೆಂಡ್ ಟೈಮ್ ವೇಟ್ ಸ್ಥಿತಿಯಲ್ಲಿ ಉಳಿಯುತ್ತದೆ. ಹಳೆಯದನ್ನು ಮರುಬಳಸದೆ ಪ್ರತಿ ಸಲ ಹೊಸ ಕನೆಕ್ಷನ್ ತೆರೆದರೆ ಒಂದು ಯಂತ್ರದಿಂದ ಒಂದು ವಿಳಾಸದ ಒಂದು ಪೋರ್ಟ್‌ಗೆ ಸೆಕೆಂಡಿಗೆ ಸುಮಾರು 470 ದಾಟುವುದಿಲ್ಲ. ಅಲ್ಲಿಗೆ ಗ್ರಾಫ್ ಚಪ್ಪಟೆಯಾದರೆ, ಸುಸ್ತಾಗಿರುವುದು ನಿಮ್ಮ ಅಪ್ಲಿಕೇಶನ್ ಅಲ್ಲ, ಟೆಸ್ಟ್ ಮಾಡುತ್ತಿರುವ ಯಂತ್ರ.